ಮೂರು ಗಂಟೆಯ ಮರ್ಯಾದೆ

ಲೋಕದ ಚರಿತ್ರೆಯಲ್ಲಿ ರಾಜ್ಯಗಳು ಎದ್ದದ್ದಕ್ಕೂ ಬಿದ್ದದ್ದಕ್ಕೂ ಕಾರಣ ಹಲವು. ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ವಿದ್ಯಾರಣ್ಯಪುರಂನ ಮಹದೇವಪ್ರಸಾದನ ಸಂಸಾರ ಅಲ್ಲಾಡಿದ್ದಕ್ಕೆ ಮಾತ್ರ ಕಾರಣ ಒಂದೇ: ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆ.

ಹನ್ನೆರಡೂವರೆಗೆ ಮೂರು ವರ್ಷದ ಮಗಳು ಲಹರಿ ನರ್ಸರಿಯಿಂದ ಆಟೋದಲ್ಲಿ ಬಂದಿಳಿಯುತ್ತಿದ್ದಳು. ಮೂರೂವರೆಗೆ ಅವಳ ತಾಯಿ ಹೇಮಶ್ರೀ ಹೈಸ್ಕೂಲಿನಿಂದ ಬರುವವಳಿದ್ದಳು, ಸೋಮವಾರದಿಂದ. ನಾಲ್ಕು ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕಿದ ಟೀಚರ್ ಕೆಲಸ. ಅತ್ತೆ ತಮ್ಮ ಮಗಳ ಬಾಣಂತನಕ್ಕೆ ಹೋಗಿದ್ದರು. ಬೇಬಿ ಸಿಟ್ಟಿಂಗಿನವರು, "ಇಡೀ ದಿನಕ್ಕಾದ್ರೆ ಸೇರಿಸ್ಕೋತೀವಿ, ಚೂರುಪಾರು ಹೊತ್ತಿಗಿಲ್ಲ" ಎಂದುಬಿಟ್ಟಿದ್ದರು.

"ನಾಳೆ ಹೋಗ್ದಿದ್ರೆ ಬೇರೆಯವರನ್ನ ತಗೋತಾರಂತೆ ಕಣ್ರೀ" ಎಂದಳು ಹೇಮಶ್ರೀ, ಭಾನುವಾರ ಬೆಳಿಗ್ಗೆ ದೋಸೆ ಮಗುಚುತ್ತಾ.

"ಇಡೀ ತಾಲ್ಲೂಕಿನ ಪಹಣಿ ಸಂಭಾಳಿಸೋನಿಗೆ ಒಂದು ಮಗೂನ ವ್ಯವಸ್ಥೆ ಕಷ್ಟಾನೇನೇ? ಸಂಜೆ ಒಳಗೆ ಮುಗೀತು ಅಂದ್ಕೋ."

ಅವನು ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಆ 'ಪ್ರಥಮ' ಅವನ ನಡಿಗೆಯಲ್ಲೂ ಇತ್ತು.

ಮೊದಲು ಎದುರುಮನೆಯ ಮಂಗಳಮ್ಮ. ಮೊಮ್ಮಕ್ಕಳೆಲ್ಲ ದೊಡ್ಡವರಾದ ಮೇಲೆ ಜಗಲಿಯಲ್ಲಿ ಹೂ ಕಟ್ಟುತ್ತಾ ಬೀದಿ ಕಾಯುವುದೇ ಅವರ ಉದ್ಯೋಗ. ಮಗುವಿನ ಮಾತೆತ್ತಿದ್ದೇ ಮುಖ ಅರಳಿತು. "ಅಯ್ಯೋ ಬಂಗಾರಾ, ಬಿಟ್ಟೋಗಿ!" ಎಂದರು. ಮಹದೇವಪ್ರಸಾದ ಅಲ್ಲಿಗೇ ನಿಲ್ಲಿಸಬಹುದಿತ್ತು.

"ತಿಂಗಳಿಗೆ ಮುನ್ನೂರು ಕೊಡ್ತೀನಿ ಆಂಟಿ."

ಅರಳಿದ ಮುಖ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಅಂಚಿನಿಂದ ಮುರುಟಿಕೊಂಡಿತು. "ಸಂಬಳಾನಾ? ನಂಗಾ? ರೀ, ಕೇಳಿಸ್ಕೊಂಡ್ರಾ? ನಿಮ್ಮ ಹೆಂಡ್ತೀನ ಆಯಾ ಕೆಲಸಕ್ಕೆ ಕರೀತಿದಾರೆ!"

ಗಂಡ ಗುರುಸಿದ್ದಯ್ಯನವರು ಪೇಪರು ಹಿಡಿದುಕೊಂಡೇ ಹೊರಗೆ ಬಂದರು. "ಏನಪ್ಪಾ, ನಮ್ಮನೇಲಿ ಅನ್ನಕ್ಕೆ ತತ್ವಾರ ಅಂತ ನಿಂಗೆ ಯಾರು ಹೇಳಿದ್ದು?"

ಮಗು ನೋಡಿಕೊಳ್ಳುವ ವಿಷಯದಲ್ಲಿ ದುಡ್ಡಿನ ಸೊಲ್ಲೆತ್ತಬಾರದೆಂಬ ಪಾಠ ಕಲಿತು ಅವನು ಹಿಂದಿನ ಕ್ರಾಸಿನ ಪುಟ್ಟಮಾದಮ್ಮನ ಮನೆಗೆ ಹೋದ. ಬಂಗಲೆಗಳಲ್ಲಿ ಮಕ್ಕಳನ್ನು ನೋಡಿಕೊಂಡು ಹೆಸರು ಮಾಡಿದ ಹೆಂಗಸು. ಅರ್ಧ ಗಂಟೆ ಪ್ರೀತಿ, ವಿಶ್ವಾಸ, ಮಮತೆಗಳ ಮೇಲೆ ಮಾತಾಡಿದ. "ಸ್ವಂತ ಮೊಮ್ಮಗಳು ಅಂದ್ಕೊಳಿ, ನಮ್ಮನೆ ನಿಮ್ಮನೆ ಅಂತ ಭೇದ ಬೇಡ" ಎಂದ. ಸಂಬಳದ ಹೆಸರೆತ್ತಲಿಲ್ಲ.

ಪುಟ್ಟಮಾದಮ್ಮ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದಳು. "ಸ್ವಂತ ಮೊಮ್ಮಗ ಅಂದೋರ ಮನೇಲಿ ಆರು ತಿಂಗ್ಳು ಗೇಯ್ದೆ ಬುದ್ಧೀ. ಒಂದು ರವಿಕೆ ಕಣವೂ ಬರ್ನಿಲ್ಲ. ಯಾದವಗಿರೀಲಿ ಮೂರು ಬಂಗ್ಲೆ ಮಕ್ಳ ಸಾಕಿವ್ನಿ, ನಾನೇನು ಬಿಟ್ಟಿ ಬಿದ್ದಿವ್ನಾ?"

"ಅಯ್ಯೋ, ಕೊಡ್ತೀನಮ್ಮಾ! ಮುನ್ನೂರು ಅಂದ್ಕೊಂಡೇ ಬಂದಿದ್ದೆ."

"ಅಂದ್ಕೊಂಡಿದ್ದೋರು ಅನ್ಬೇಕಾಗಿತ್ತು. ಬಾಯಿ ಬುಟ್ಟು ಕೇಳಿಸ್ಕೊಂಡು ಕೊಡೋರ ಮನೆ ನಂಗೆ ಬ್ಯಾಡ ಬುಡಿ. ಒಂಟೋಗಿ."

ಇನ್ನೂ ನಾಲ್ಕು ಬೀದಿ ಸುತ್ತಿ, ಚಪ್ಪಲಿ ಕಿತ್ತುಹೋಗಿ, ಸಂಜೆ ಅವನು ಮನೆ ಸೇರುವಷ್ಟರಲ್ಲಿ ಎರಡೂ ಅವಮಾನಗಳ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಗೇಟಿನ ಬಳಿ ಅರ್ಧ ಬೀದಿ ನಿಂತಿತ್ತು. ನಡುವೆ ಮೂಲೆಮನೆಯ ಗಿರಿಜಾಂಬಾ, ನಿವೃತ್ತ ಹೆಡ್‌ಮಿಸ್ಸು. ಅವರು ಮಾತಾಡಿದರೆ ಬೀದಿಯ ನಾಯಿಯೂ ಸಾಲಿನಲ್ಲಿ ನಿಲ್ಲುತ್ತಿತ್ತು. ಲಹರಿ ಆಗಲೇ ಅವರ ಸೊಂಟವೇರಿ, ಅವರ ಕನ್ನಡಕವನ್ನು ಕಿತ್ತು ತನ್ನ ಮೂಗಿಗೆ ಹಾಕಿಕೊಂಡಿದ್ದಳು.

"ಏನು ಮಹದೇವಪ್ರಸಾದ್, ಬೀದೀಲಿ ನಾವೆಲ್ಲ ಸತ್ತೋಗಿದೀವಾ? ನಮ್ಮ ಹೆಣ್ಣುಮಗಳು ಕೆಲಸಕ್ಕೆ ಹೊರಟಿದಾಳೆ ಅಂದ್ರೆ ಅದು ನಮಗೂ ಹೆಮ್ಮೆ. ನಾಳೆಯಿಂದ ನಾನು ನಿಮ್ಮನೆಗೇ ಬಂದು ಮಗೂನ ನೋಡ್ಕೋತೀನಿ. ಒಂದು ಪೈಸಾ ಮುಟ್ಟಲ್ಲ."

ಹೇಮಶ್ರೀ ಗಂಡನನ್ನು ನೋಡಿದಳು. ಮದುವೆಯಾಗಿ ಐದು ವರ್ಷದಲ್ಲಿ ಅಷ್ಟು ಮೆಚ್ಚುಗೆಯಿಂದ ನೋಡಿರಲಿಲ್ಲ. ಮಹದೇವಪ್ರಸಾದನ ಎದೆ ಪೊಲೀಸ್ ಬ್ಯಾಂಡಿನ ದೊಡ್ಡ ಡ್ರಮ್ಮಿನಂತೆ ಮುಂದೆ ಬಂತು. ಪ್ರಥಮ ದರ್ಜೆಯವನು ಪುಕ್ಕಟೆ ಉಪಕಾರ ಪಡೆಯುವುದೇ?

"ನಮ್ಮದೂ ಒಂದು ಮರ್ಯಾದೆ ಇದೆ ಮೇಡಂ. ಋಣ ಇಟ್ಕೊಳ್ಳೋ ವಂಶ ಅಲ್ಲ ನಮ್ದು. ದುಡ್ಡು ಬೇಡ ಅಂದ್ರೆ ಬೇಡ, ಪ್ರತಿಯಾಗಿ ನೀವು ಏನು ಕೆಲಸ ಹೇಳಿದ್ರೂ ಮಾಡ್ತೀನಿ. ಇಷ್ಟು ಜನದ ಮುಂದೆ ಹೇಳ್ತಿದೀನಿ!"

"ಭೇಷ್!" ಎಂದರು ಗುರುಸಿದ್ದಯ್ಯ.

"ಈಗಾಡಿದ್ರಿ ನೋಡಿ ಮನುಷ್ಯರ ಮಾತು" ಎಂದರು ಮಂಗಳಮ್ಮ.

ಗಿರಿಜಾಂಬಾ ಕಣ್ಣೊರೆಸಿಕೊಂಡರು. "ನಾನೇ ಹೇಗೆ ಕೇಳೋದು ಅಂತಿದ್ದೆ ಕಣಪ್ಪಾ. ನಮ್ಮ ಯಜಮಾನರು ರಾಮಯ್ಯನವರಿಗೆ ಎಂಬತ್ತಾಯ್ತು. ಗ್ಯಾಸ್ ಹಚ್ಚಿ ಮರೀತಾರೆ. ಬಾಗಿಲು ತೆಗೆದು ಬಸ್ ಹತ್ತೋಕೆ ಹೊರಟುಬಿಡ್ತಾರೆ. ಅವರಿಗೆ ಮಕ್ಕಳ ಗಲಾಟೆ ಆಗೋದೇ ಇಲ್ಲ, ಅದಕ್ಕೇ ಲಹರೀನ ನಮ್ಮನೆಗೆ ಕರ್ಕೊಂಡು ಹೋಗೋ ಹಾಗಿಲ್ಲ. ನಾನು ವಾಪಸ್ ಬರೋವರೆಗೆ ನೀವು ಅವರ ಜೊತೆ ಇರಿ, ಅಷ್ಟು ಸಾಕು."

ಅರ್ಧ ಬೀದಿ ಚಪ್ಪಾಳೆ ತಟ್ಟಿತು. ಮಹದೇವಪ್ರಸಾದ ಆಸೆಯಿಂದ ಗುರುಸಿದ್ದಯ್ಯನವರ ಕಡೆ ತಿರುಗಿದ. ಅವರು ಪೇಪರು ಮಡಿಸಿಕೊಂಡು ತಮ್ಮ ಮನೆಯೊಳಗೆ ಹೋದರು.

ಸೋಮವಾರ ಹೇಮಶ್ರೀ ಹೊಸ ಸೀರೆಯುಟ್ಟು ಕೆಲಸಕ್ಕೆ ಸೇರಿದಳು. ಮಹದೇವಪ್ರಸಾದ ಅರ್ಧ ದಿನ ರಜೆ ಹಾಕಿ ರಾಮಯ್ಯನವರನ್ನು ಎರಡು ಸಲ ಬಸ್ಸಿನಿಂದ ಇಳಿಸಿಕೊಂಡು ಬಂದ. ಮಂಗಳವಾರದಿಂದ ಅವನು ಮಧ್ಯಾಹ್ನದ ಹೊತ್ತು ಎಂಬತ್ತು ವರ್ಷದವರೊಬ್ಬರನ್ನು ನೋಡಿಕೊಳ್ಳುವವರಿಗಾಗಿ ಹುಡುಕತೊಡಗಿದ.