ಜಾಕೆಟ್ ಹಾಕ್ಕೊಂಡು ಹತ್ತಿ

ಮನೆಯಲ್ಲಿ ನೆಟ್ಟಗಿರುವ ಮನುಷ್ಯರು ಕೆರೆ ಕಂಡ ತಕ್ಷಣ ಯಾಕೆ ಹಾಗಾಗುತ್ತಾರೋ, ಹನ್ನೊಂದು ವರ್ಷವಾದರೂ ನನಗೆ ಅರ್ಥವಾಗಿಲ್ಲ. ಮೈಸೂರಿನ ಅಂಚಿನ ಒಂದು ಕೆರೆಯಲ್ಲಿ, ನೀರಿನೊಳಕ್ಕೆ ಚಾಚಿದ ಬೋಟಿಂಗ್ ಕಟ್ಟೆಯ ಮೇಲೆ ನನ್ನ ಕೆಲಸ. ಬಂದವರಿಗೆ ಲೈಫ್ ಜಾಕೆಟ್ ತೊಡಿಸಬೇಕು, ಪಟ್ಟಿ ಬಿಗಿಯಬೇಕು, ಹೊತ್ತು ಮುಗಿದ ಮೇಲೆ ಸೀಟಿ ಊದಿ ವಾಪಸ್ ಕರೆಯಬೇಕು. ಕೆರೆಯ ಸುತ್ತ ಪಾರ್ಕಿದೆ, ಮರಗಳಿವೆ, ಹಕ್ಕಿಗಳಿವೆ, ಕೋತಿಗಳೂ ಧಾರಾಳವಾಗಿವೆ. ಭಾನುವಾರ ಬಂತೆಂದರೆ ಸಂಸಾರ ಸಂಸಾರವೇ ಚಿತ್ರಾನ್ನದ ಡಬ್ಬಿ ಹಿಡಿದು ಪ್ರಕೃತಿಯ ಮಡಿಲಿಗೆ ಬರುತ್ತದೆ. ಪ್ರಕೃತಿ ತನ್ನ ಪಾಡಿಗೆ ತಾನಿರುತ್ತದೆ. ಏನಾದರೂ ಆಗುವುದಿದ್ದರೆ ಅದು ಸಂಸಾರದ ಕಡೆಯಿಂದಲೇ.

ಈಜು ಬಲ್ಲವರು

ಲಕ್ಷ್ಮೀಪುರಂನಿಂದ ಒಬ್ಬರು ನಿವೃತ್ತ ವ್ಯಾಯಾಮದ ಮೇಷ್ಟ್ರು ಬಂದಿದ್ದರು. ಜೊತೆಗೆ ಹೆಂಡತಿ, ಮಗಳು, ಮೊಮ್ಮಗಳು. ನಾನು ಜಾಕೆಟ್ ಹಿಡಿದು ನಿಂತೆ. ಮೇಷ್ಟ್ರು ಅದನ್ನು ಮುಟ್ಟಲಿಲ್ಲ. ತಾನು ಹರೆಯದಲ್ಲಿ ತುಂಬಿದ ಕಪಿಲೆಯನ್ನು ಈಜಿ ದಾಟಿದವನೆಂದೂ, ಮುನ್ನೂರು ಹುಡುಗರಿಗೆ ಈಜು ಕಲಿಸಿದವನೆಂದೂ, ಇಂಥ ಹೊಂಡದಲ್ಲಿ ಈ ಚೀಲ ತೊಡುವುದು ಆ ಮುನ್ನೂರು ಜನಕ್ಕೂ ಅವಮಾನವೆಂದೂ ಹೇಳಿದರು.

ನಾನು ರೂಲ್ಸ್ ಹೇಳಿದೆ. ಅವರು ರೂಲ್ಸು ಯಾಕೆ ತಪ್ಪು ಎಂದು ಹೇಳಿದರು. ಹತ್ತು ನಿಮಿಷ ಹೀಗೇ ನಡೆಯಿತು. ಅವರ ಹೆಂಡತಿ ಅಷ್ಟರಲ್ಲಿ ತಮ್ಮ ಜಾಕೆಟ್ ತಾವೇ ಹಾಕಿಕೊಂಡು, ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬೋಟು ಹತ್ತಿ ಹೊರಟೇಹೋದರು. ಹೋಗುವಾಗ ನನಗೆ, "ನೀವು ಮಾತಾಡ್ತಿರಿ, ಅವರಿಗೂ ಹೊತ್ತು ಹೋಗುತ್ತೆ" ಅಂದರು.

ಮೇಷ್ಟ್ರಿಗೆ ಬೇಜಾರಾಯಿತು, ಆದರೂ ಫೋಟೋ ತೆಗೆಯೋಣ ಅಂತ ಫೋನ್ ಹಿಡಿದರು. ಬೋಟು ಪೂರ್ತಿ ಫ್ರೇಮಿಗೆ ಬರಲೆಂದು ಒಂದು ಹೆಜ್ಜೆ ಹಿಂದಿಟ್ಟರು. ಇನ್ನೊಂದಿಟ್ಟರು. ಮೂರನೆಯದಕ್ಕೆ ಕಟ್ಟೆ ಇರಲಿಲ್ಲ.

ನೀರಿಗೆ ಬಿದ್ದವರು ಕೈಕಾಲು ಬಡಿದು, ಕಾಪಾಡಿ ಕಾಪಾಡಿ ಅಂತ ಕೂಗಿದ ರಭಸಕ್ಕೆ ಆಚೆ ದಡದ ಬಾತುಕೋಳಿಗಳೂ ಎದ್ದುಹೋದವು. ನಮ್ಮಲ್ಲಿ ಒಬ್ಬರು ಹಿರಿಯ ಅಂಬಿಗರಿದ್ದಾರೆ, ತೊಂದರೆಗೆ ಸಿಕ್ಕವರನ್ನು ಎಳೆದು ತರುವ ದೋಣಿ ಅವರದು. ಅವರು ಕೂತಲ್ಲಿಂದ ಏಳಲೇ ಇಲ್ಲ. ಒಂದಿಷ್ಟು ಹೊತ್ತು ನೋಡಿ, ಬಹಳ ಮರ್ಯಾದೆಯಿಂದ, "ಸಾರ್, ಎದ್ದು ನಿಂತ್ಕಳಿ" ಅಂದರು.

ಮೇಷ್ಟ್ರು ಎದ್ದು ನಿಂತರು. ನೀರು ಮೊಣಕಾಲಿಗಿತ್ತು.

ಮುಂದಿನ ತಿಂಗಳು ಅದೇ ಮೇಷ್ಟ್ರು ಮತ್ತೆ ಬಂದರು. ತಾವೇ ಕೇಳಿ ಜಾಕೆಟ್ ತೊಟ್ಟರು. ಪಕ್ಕದಲ್ಲಿ ಬೇಡವೆನ್ನುತ್ತಿದ್ದ ಇನ್ನೊಬ್ಬರಿಗೆ, ಇದರ ಬೆಲೆ ಈಜು ಬಲ್ಲವರಿಗೇ ಗೊತ್ತು ಅಂತ ತಿಳಿಹೇಳಿದರು.

ಫೋನಿಲ್ಲದ ಭಾನುವಾರ

ರಾಜೀವನಗರದ ಒಬ್ಬ ತಂದೆ ಹೆಂಡತಿಯನ್ನೂ ಮೂವರು ಮಕ್ಕಳನ್ನೂ ಕರೆತಂದಿದ್ದರು. ಮಕ್ಕಳು ಮೂರು ಹೊತ್ತೂ ಫೋನಿನಲ್ಲೇ ಇರುತ್ತಾರೆ, ಒಂದು ದಿನವಾದರೂ ಮರ ಗಿಡ ನೋಡಲಿ ಎನ್ನುವುದು ಅವರ ಆಸೆ. ಆಸೆ ಒಳ್ಳೆಯದೇ. ಮನೆಯಲ್ಲಿದ್ದ ಎಲ್ಲ ಫೋನನ್ನೂ, ತಮ್ಮದನ್ನೂ ಸೇರಿಸಿ, ಒಂದು ಬಟ್ಟೆ ಚೀಲಕ್ಕೆ ಹಾಕಿ ಕಟ್ಟೆ ಪಕ್ಕದ ಹೊಂಗೆ ಕೊಂಬೆಗೆ ನೇತುಹಾಕಿದರು. ಆಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಿಸರ್ಗದ ಬಗ್ಗೆ ನಾಲ್ಕು ಮಾತು ಶುರು ಮಾಡಿದರು. ಎರಡನೇ ಮಾತಿಗೇ ಕೋತಿ ಬಂತು.

ಚೀಲ ತೆಗೆದುಕೊಂಡು ಅದು ಪಕ್ಕದ ದೊಡ್ಡ ಮರದ ತುದಿಗೆ ಹೋಗಿ ಕೂತಿತು. ಎಲೆ ದಟ್ಟವಾಗಿದ್ದರಿಂದ ಎಲ್ಲಿದೆ ಅಂತ ಕಾಣಲಿಲ್ಲ. ಆ ತಂದೆ ನನ್ನ ಹತ್ತಿರ ಬಂದು, ಸಂಕೋಚದಿಂದ, ತಮ್ಮ ನಂಬರಿಗೆ ಒಂದು ಫೋನ್ ಮಾಡ್ತೀರಾ ಅಂತ ಕೇಳಿದರು. ಮಾಡಿದೆ. ಮರದ ಮೇಲಿಂದ ದೇವರ ನಾಮ ಕೇಳಿಬಂತು. ಕೆಳಗೆ ವಾಕಿಂಗ್ ಹೋಗುತ್ತಿದ್ದ ಇಬ್ಬರು ಅಜ್ಜಂದಿರು ಚಪ್ಪಲಿ ಬಿಟ್ಟು ಕೈಮುಗಿದರು.

ಹೆಂಡತಿ ಕೋಡುಬಳೆ ತೋರಿಸಿ ಕರೆದರು. ಕೋತಿ ಇಳಿದು ಬಂತು, ಕೋಡುಬಳೆ ತೆಗೆದುಕೊಂಡಿತು, ಚೀಲವನ್ನು ಮಾತ್ರ ಮೇಲೆಯೇ ಕೊಂಬೆಗೆ ಸಿಕ್ಕಿಸಿ ಬಂದಿತ್ತು. ಪಾರ್ಕಿನ ಮಾಲಿಯವರು ಊಟಕ್ಕೆ ಹೋಗಿದ್ದರು. ಅವರು ಬಂದು, ಉದ್ದದ ಗಳ ಹುಡುಕಿ, ಅದಕ್ಕೆ ಕೊಕ್ಕೆ ಕಟ್ಟಿ ಚೀಲ ಇಳಿಸಲು ಎರಡು ಗಂಟೆ ಹಿಡಿಯಿತು.

ಆ ಎರಡು ಗಂಟೆ ಮೂವರು ಮಕ್ಕಳೂ ಕಣ್ಣು ಕೀಳದೆ ಮರ ನೋಡಿದರು.

ಅಪರೂಪದ ಹಕ್ಕಿ

ನಮ್ಮ ಕೆರೆಗೆ ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಹಕ್ಕಿಗಳು ಬರುತ್ತವೆ. ಹಕ್ಕಿಗಳ ಹಿಂದೆ ಕ್ಯಾಮೆರಾದವರು ಬರುತ್ತಾರೆ. ಒಳ್ಳೆಯ ಜನ. ಅವರ ಲೆನ್ಸು ನೋಡಿದರೆ ಮಾತ್ರ ಹಕ್ಕಿಗೇ ಎದೆ ನಡುಗಬೇಕು.

ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಬರುವಾಗ ಹತ್ತು ಹದಿನೈದು ಜನ ದಡದ ಮೇಲೆ ಬೋರಲು ಮಲಗಿದ್ದರು. ಕೆಲವರು ಹೆಂಡತಿ ಮಕ್ಕಳನ್ನೂ ಕರೆತಂದು ಮಲಗಿಸಿದ್ದರು. ಏನು ಅಂತ ಕೇಳಲು ಬಾಯಿ ತೆರೆದೆ. ಎಲ್ಲರೂ ಒಟ್ಟಿಗೆ ನನ್ನತ್ತ ತಿರುಗಿ ಬೆರಳು ತುಟಿಗಿಟ್ಟರು. ಒಬ್ಬರು ಪಿಸುದನಿಯಲ್ಲಿ ವಿವರಿಸಿದರು. ಆಚೆ ಜೊಂಡಿನ ನಡುವೆ ಒಂದು ದೊಡ್ಡ ಬಿಳಿ ಹಕ್ಕಿ ಇದೆ. ಉದ್ದ ಕತ್ತು. ಈ ಕಡೆ ಯಾರೂ ಕಂಡಿಲ್ಲದ ಜಾತಿ. ಅರ್ಧ ಗಂಟೆಯಿಂದ ಒಂದಿಷ್ಟೂ ಅಲುಗಾಡಿಲ್ಲ, ಮೀನಿಗಾಗಿ ತಪಸ್ಸು ಮಾಡುತ್ತಿದೆ.

ಅವರು ತೋರಿಸಿದ ಕಡೆ ನೋಡಿದೆ. ಹಿಂದಿನ ಸಂಜೆ ಬೀಸಿದ ಗಾಳಿಗೆ ನಮ್ಮ ಹಂಸದ ಆಕಾರದ ಬೋಟೊಂದು ಕಟ್ಟೆಗೆ ಬಡಿದು ಅದರ ಕತ್ತು ಮುರಿದು ನೀರಿಗೆ ಬಿದ್ದಿತ್ತು. ಅದನ್ನು ಬೆಳಿಗ್ಗೆ ಹುಡುಕಿಸಬೇಕು ಅಂದುಕೊಂಡೇ ಬಂದಿದ್ದೆ. ಹುಡುಕುವ ಕೆಲಸ ತಪ್ಪಿತು.

"ಸಾರ್, ಅದು ನಮ್ದು" ಅಂದೆ. ಮತ್ತೆ ಬೆರಳು ತುಟಿಗೆ ಹೋಯಿತು. ಪ್ರಕೃತಿ ಯಾರದೂ ಅಲ್ಲ ಅಂತ ಒಬ್ಬರು ಮೆಲ್ಲಗೆ ಬುದ್ಧಿ ಹೇಳಿದರು. ಮೂರನೇ ಸಲ ಬಾಯಿ ತೆರೆದಾಗ, ಒಬ್ಬ ತಾಯಿ ತನ್ನ ಮಗುವಿಗೆ ನನ್ನನ್ನು ತೋರಿಸಿ, ಇಂಥವರಿಂದಲೇ ಹಕ್ಕಿಗಳು ನಾಶವಾಗುತ್ತಿವೆ ಎಂದರು. ನಾನು ಕಟ್ಟೆಗೆ ಹೋಗಿ ಜಾಕೆಟ್ ಜೋಡಿಸತೊಡಗಿದೆ.

ಒಂಬತ್ತು ಗಂಟೆಗೆ ನಮ್ಮ ಅಂಬಿಗರು ದೋಣಿ ತಂದರು. ಯಾರನ್ನೂ ಕೇಳದೆ ನೇರವಾಗಿ ಜೊಂಡಿಗೆ ಹೋಗಿ, ಹಕ್ಕಿಯ ಕತ್ತು ಹಿಡಿದು ಎತ್ತಿ ದೋಣಿಯಲ್ಲಿ ಮಲಗಿಸಿಕೊಂಡು ವಾಪಸ್ ಬಂದರು. ಎಲ್ಲರೂ ಪ್ಯಾಂಟಿನ ಮಣ್ಣು ಕೊಡವಿಕೊಂಡು ಎದ್ದರು. ಪ್ರಕೃತಿ ಯಾರದೂ ಅಲ್ಲ ಎಂದವರು ಮಾತ್ರ ನನ್ನ ಹತ್ತಿರ ಬಂದು, ಮೊದಲೇ ಹೇಳಬಾರದಿತ್ತೇನಮ್ಮ ಅಂತ ಗದರಿದರು.

ಎರಡು ಸೆಕೆಂಡಿನ ಟೆಂಟು

ಶ್ರೀರಾಂಪುರದ ನಮ್ಮ ಬೀದಿಯವರೇ ಒಂದು ಸಂಸಾರ, ಮಕ್ಕಳಿಗೆ ಕ್ಯಾಂಪಿಂಗ್ ಅನುಭವ ಆಗಲಿ ಅಂತ ಆನ್‌ಲೈನಿನಲ್ಲಿ ಟೆಂಟು ತರಿಸಿದರು. ದೊಡ್ಡ ತಟ್ಟೆಯಂತೆ ದುಂಡಗೆ ಮಡಿಸಿಟ್ಟ ಟೆಂಟು ಅದು. ಗಾಳಿಗೆ ಎಸೆದರೆ ಎರಡು ಸೆಕೆಂಡಿನಲ್ಲಿ ತಾನೇ ಬಿಚ್ಚಿಕೊಂಡು ನಿಲ್ಲುತ್ತದೆ. ಪಾರ್ಕಿನಲ್ಲಿ ಎಸೆದರು. ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ಮಧ್ಯಾಹ್ನವೆಲ್ಲ ಅದರಲ್ಲಿ ಕೂತು ಮೊಸರನ್ನ ತಿಂದರು.

ಸಂಜೆ ಮಡಿಸಲು ಹೋದರೆ ಅದು ಒಪ್ಪಲಿಲ್ಲ. ಗಂಡ ಒಂದು ತುದಿ ಒತ್ತಿದರೆ ಹೆಂಡತಿಯ ತುದಿ ಎದ್ದು ನಿಲ್ಲುತ್ತಿತ್ತು. ಗೇಟಿನ ವಾಚ್‌ಮನ್ ಬಂದರು, ನಾನು ಹೋದೆ, ಒಬ್ಬರು ನಿವೃತ್ತ ಇಂಜಿನಿಯರು ಸೂಚನೆಯ ಚೀಟಿ ಓದುತ್ತಾ ಎಲ್ಲರಿಗೂ ನಿರ್ದೇಶನ ಕೊಟ್ಟರು. ಒಮ್ಮೆ ಮಡಿಸಿದ ಹಾಗೇ ಆಯಿತು. ಒಳಗೆ ವಾಚ್‌ಮನ್ ಉಳಿದಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಕೊನೆಗೆ ಟೆಂಟನ್ನು ನಿಂತ ಹಾಗೆಯೇ ಗೂಡ್ಸ್ ಆಟೋದಲ್ಲಿ ಮನೆಗೆ ಸಾಗಿಸಿದರು. ಈಗದು ಅವರ ತಾರಸಿಯ ಮೇಲಿದೆ. ಮಕ್ಕಳು ಅದರೊಳಕ್ಕೆ ಹೋಗುವಂತಿಲ್ಲ, ಅಜ್ಜಿ ಸಂಡಿಗೆ ಒಣಗಿಸುತ್ತಾರೆ.

ಮೂರು ರೌಂಡು

ಒಂದು ಭಾನುವಾರ ಎರಡು ಕಾರಿನಲ್ಲಿ ಎರಡು ಸಂಸಾರ ಬಂದು ಇಳಿಯಿತು. ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ. ಕೆರೆಗೆ ಯಾರೂ ರೇಷ್ಮೆ ಉಟ್ಟು ಬರುವುದಿಲ್ಲ, ಆದ್ದರಿಂದ ಹೆಣ್ಣು ನೋಡುವ ಶಾಸ್ತ್ರ ಅಂತ ನನಗೆ ಕೂಡಲೇ ತಿಳಿಯಿತು. ಹೋಟೆಲಿನಲ್ಲಿ ಕೂರಿಸಿದರೆ ಮಕ್ಕಳು ಮನಸ್ಸು ಬಿಚ್ಚುವುದಿಲ್ಲ, ಬಯಲಲ್ಲಿ, ನೀರಿನ ಮೇಲೆ ಆರಾಮಾಗಿ ಮಾತಾಡಲಿ ಎನ್ನುವುದು ಹುಡುಗನ ತಾಯಿಯ ಯೋಚನೆಯಂತೆ. ಹುಡುಗ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳುವವನು. ಹುಡುಗಿ ಫಿಸಿಯೋಥೆರಪಿ ಮಾಡುವವಳು. ಅವಳ ಕಡೆಯಿಂದ ತಂದೆ ತಾಯಿಯ ಜೊತೆ ಅಜ್ಜಿ ತಾತನೂ ಬಂದಿದ್ದರು.

ಹುಡುಗಿಯ ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಬಿಗಿದೆ. ಇದರಲ್ಲಿ ಹಸಿರಿಲ್ಲವಾ ಅಂತ ಹುಡುಗನ ತಾಯಿ ಕೇಳಿದರು. ಇಲ್ಲ ಅಂದೆ. ಇಬ್ಬರೂ ಪೆಡಲ್ ಬೋಟು ಹತ್ತಿ ಹೊರಟರು. ಹಿರಿಯರು ಕಲ್ಲುಬೆಂಚಿನ ಮೇಲೆ ಸಾಲಾಗಿ ಕೂತು, ನೋಡದವರಂತೆ ನೋಡತೊಡಗಿದರು.

ಹೊತ್ತಾಯಿತು, ಸೀಟಿ ಊದಿದೆ, ಬೋಟು ಬಂತು. ಹುಡುಗಿ ಇಳಿಯಲಿಲ್ಲ. ಬಗ್ಗಿ ನನಗೆ ಮಾತ್ರ ಕೇಳುವ ಹಾಗೆ, "ಆಂಟಿ, ಇನ್ನೊಂದು ರೌಂಡ್ ಬಿಡಿ, ಮಾತು ಮುಗಿದಿಲ್ಲ" ಅಂದಳು. ಬಿಟ್ಟೆ. ಬೆಂಚಿನ ಮೇಲೆ ಸಂಭ್ರಮ ಶುರುವಾಯಿತು. ಮಾತು ಮುಗಿಯದಿದ್ದರೆ ಅದಕ್ಕಿಂತ ಶುಭ ಯಾವುದು ಅಂತ ಹುಡುಗನ ತಾಯಿ ಹೇಳಿದರು. ಎರಡನೇ ರೌಂಡು ಮುಗಿಯುವುದರೊಳಗೆ ಮದುವೆ ಮಾಘದಲ್ಲಿ ಅಂತ ತೀರ್ಮಾನವಾಗಿತ್ತು.

ಎರಡನೇ ಸಲ ಬಂದಾಗ ಹುಡುಗ ಇನ್ನೊಂದು ರೌಂಡ್ ಕೇಳಿದ. ಯಾಕಪ್ಪ, ಕಾಲು ನೋಯಲ್ವಾ ಅಂದೆ. ಅವನು ಬೆಂಚಿನತ್ತ ಕಳ್ಳನ ಹಾಗೆ ನೋಡಿ ನಿಜ ಹೇಳಿದ. ಅವಳಿಗೆ ಮುಂದೆ ಇನ್ನೂ ಎರಡು ವರ್ಷ ಓದುವ ಆಸೆ, ಅವನಿಗೆ ಸದ್ಯಕ್ಕೆ ಮದುವೆಯೇ ಬೇಡ. ಇದು ಮೊದಲ ಐದೇ ನಿಮಿಷದಲ್ಲಿ ಇತ್ಯರ್ಥವಾಗಿದೆ. ಉಳಿದ ಹೊತ್ತೆಲ್ಲ, ಇದನ್ನು ಮನೆಯವರಿಗೆ ಯಾರು ಹೇಳುವುದು, ಯಾವ ಮಾತಿನಲ್ಲಿ ಹೇಳುವುದು ಅಂತ ಅಭ್ಯಾಸ ಮಾಡುತ್ತಿದ್ದಾರೆ.

ಮೂರನೇ ರೌಂಡಿಗೆ ಬಿಟ್ಟೆ. ಹುಡುಗಿಯ ತಾಯಿ ಬಂದು, ನಿಮ್ಮ ಕೈಗುಣ ಕಣಮ್ಮ ಅಂತ ನನ್ನ ಬಾಯಿಗೇ ಮೈಸೂರು ಪಾಕ್ ಇಟ್ಟರು. ನುಂಗುವಂತಿಲ್ಲ, ಉಗುಳುವಂತಿಲ್ಲ. ಅತ್ತ ಬೆಂಚಿನ ಮೇಲೆ ತಟ್ಟೆ ಬಂತು, ವೀಳ್ಯದೆಲೆ ಬಂತು, ತೆಂಗಿನಕಾಯಿ ಬಂತು. ಇಬ್ಬರು ತಂದೆಯರೂ ತಾಂಬೂಲ ಬದಲಾಯಿಸಲು ಎದ್ದು ನಿಂತರು. ಅದೊಂದು ಆಗಿಬಿಟ್ಟರೆ ಆ ಮಕ್ಕಳು ಎಷ್ಟು ಅಭ್ಯಾಸ ಮಾಡಿದ್ದರೂ ಬಾಯಿ ಬರುವುದಿಲ್ಲ ಅನ್ನಿಸಿತು. ಹೊತ್ತು ಇನ್ನೂ ಏಳು ನಿಮಿಷ ಬಾಕಿ ಇತ್ತು. ಉಸಿರು ಕಟ್ಟಿ ಸೀಟಿ ಊದಿದೆ. ಮೈಸೂರು ಪಾಕಿನ ಪುಡಿ ಸೀಟಿಯೊಳಗೆ ಹೋಗಿ ಅದು ಒಂದು ಥರಾ ಅಳುವ ಸದ್ದು ಮಾಡಿತು. ತಂದೆಯರು ತಟ್ಟೆ ಹಿಡಿದೇ ನನ್ನ ಕಡೆ ತಿರುಗಿದರು.

ಬೋಟು ಬಂತು. ಈ ಸಲ ಇಬ್ಬರೂ ಇಳಿದು, ಜಾಕೆಟ್ಟನ್ನೂ ಬಿಚ್ಚದೆ ಬೆಂಚಿನ ಮುಂದೆ ಹೋಗಿ ನಿಂತರು.

"ನಾವಿಬ್ಬರೂ ಒಂದು ತೀರ್ಮಾನಕ್ಕೆ ಬಂದಿದ್ದೀವಿ" ಅಂದ ಹುಡುಗ.

ಹುಡುಗನ ತಾಯಿ ಕಣ್ಣೊರೆಸಿಕೊಂಡರು. ಹುಡುಗಿಯ ತಾಯಿಯೂ ಒರೆಸಿಕೊಂಡರು.

"ಬೇಡ ಅಂತ" ಅಂದಳು ಹುಡುಗಿ.

ಹುಡುಗಿಯ ತಂದೆ ಮಗಳ ಮುಖ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಓದು ಬಾಕಿ ಇದೆ ಅಪ್ಪ, ಮೊದಲೇ ಹೇಳಲು ಧೈರ್ಯ ಬರಲಿಲ್ಲ ಅಂದಳು. ಅವರು ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿಕೊಂಡರು. ಹುಡುಗನ ತಂದೆ ತಮ್ಮದನ್ನು ಹಾಕಿಕೊಂಡರು. ಮನೆಗೆ ಹೊರಡಲು ಯಾರಿಗೂ ಕಾಲು ಬರಲಿಲ್ಲ. ಅಷ್ಟರಲ್ಲಿ ಹುಡುಗಿಯ ತಾಯಿ, ಮಾಡಿ ತಂದಿದ್ದು ದಂಡವಾಗೋದು ಬೇಡ ಅಂತ ಕೇಸರಿಬಾತಿನ ಡಬ್ಬಿ ತೆಗೆದರು. ನನ್ನನ್ನೂ ಕರೆದರು. ಎಲ್ಲರೂ ತಲೆ ತಗ್ಗಿಸಿ ತಿನ್ನುತ್ತಿದ್ದಾಗ ಅಜ್ಜಿ ಮಾತಾಡಿದರು.

"ಅವಕ್ಕೆ ಏನೂ ಅನ್ಬೇಡಿ. ಮೂರು ರೌಂಡಿಗೆ ಇಬ್ಬರೂ ಒಂದು ಮಾತಿಗೆ ಒಪ್ಕಂಡವೆ. ನನಗೂ ಇವರಿಗೂ ಮದುವೆಯಾಗಿ ಐವತ್ತು ವರ್ಷ ಆಯ್ತು, ಒಂದೇ ಒಂದು ಮಾತಿಗೂ ಒಪ್ಕಂಡಿಲ್ಲ."

ತಾತ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಮೀಸೆಗಂಟಿದ ಕೇಸರಿಬಾತನ್ನು ನಿಧಾನವಾಗಿ ಒರೆಸಿಕೊಂಡು ಅಂದರು:

"ಐವತ್ತೆಲ್ಲಾಯ್ತು. ನಲವತ್ತೊಂಬತ್ತು."