ತುಪ್ಪವಿಲ್ಲದ ಕೇಸರಿಬಾತಿನ ಬಗ್ಗೆ ಕ್ಷಮೆ ಹಾಗೂ ಮದುವೆ ಕೋರಿ

ಇಂದ,
ಜೆಯಕುಮಾರ್, ದ್ರಾಕ್ಷಿ ವ್ಯಾಪಾರಿ, ಕಂಬಂ.

ಗೆ,
ಕುಮಾರಿ ತೇನ್‌ಮೊಳಿ, ಬ್ಯಾಂಕ್ ಗುಮಾಸ್ತೆ,
ಬೀಗ ಮಾಡುವ ಕಾಮರಾಜರ ಮಗಳು, ದಿಂಡಿಗಲ್.

ವಿಷಯ: ಹೆಣ್ಣು ನೋಡಲು ಬಂದು ಹೆಣ್ಣಿನ ಮನೆಯನ್ನೇ ಆಡಿಕೊಂಡ ಅಪರಾಧವನ್ನು ಮನ್ನಿಸಿ, ಅರ್ಜಿದಾರನನ್ನು ಮದುವೆಯಾಗುವ ಕುರಿತು.

ಉಲ್ಲೇಖ: ೧) ಅರ್ಜಿದಾರನ ಪೂರ್ವಿಕರು ನಾನೂರೋ ಐನೂರೋ ವರ್ಷಗಳ ಹಿಂದೆ, ಯಾರಿಗೂ ಅರ್ಜಿ ಕೊಡದೆ, ಕನ್ನಡ ಸೀಮೆಯಿಂದ ಇತ್ತ ಬಂದದ್ದು.
೨) ಕಳೆದ ಭಾನುವಾರ ತಾವು ಹಾಕಿದ ಷರತ್ತು.

ಮಾನ್ಯರೇ,

೧. ಅರ್ಜಿದಾರನ ಮನೆಮಾತು ಕನ್ನಡ. ಹೊರಗಿನವರ ಎದುರಿಗೇ ಕೂತು, ಅವರಿಗೆ ತಿಳಿಯದೆಂಬ ಧೈರ್ಯದಲ್ಲಿ, ಅವರನ್ನು ಕನ್ನಡದಲ್ಲಿ ಆಡಿಕೊಳ್ಳುವುದು ಆ ಮನೆಯ ಹಳೆಯ ಪದ್ಧತಿ. ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ, ಸಾವಿನ ಮನೆಯಲ್ಲಿಯೂ ಇದು ನಿರಾತಂಕವಾಗಿ ನಡೆದುಬಂದಿರುತ್ತದೆ.

೨. ಆ ಪ್ರಕಾರ, ಅರ್ಜಿದಾರನ ಅಜ್ಜಿ ಮುನಿಯಮ್ಮಾಳ್, ಹೆಣ್ಣು ನೋಡಲು ಬಂದ ತಮ್ಮ ಮನೆಯಲ್ಲಿ ಕೊಟ್ಟ ಕೇಸರಿಬಾತು ಬಾಯಿಗಿಟ್ಟು, ನಗುನಗುತ್ತಲೇ, "ಬೀಗ ಮಾಡೋರಲ್ಲವಾ, ನೆಯ್ ಡಬ್ಬಕ್ಕೂ ಬೀಗ ಆಕವ್ರೆ. ಎಣ್ಣು ನಲ್ಲಾಗವ್ಳೆ, ಆದ್ರೆ ಬಾಯೇ ಇಲ್ಲ" ಎಂದರು (ನೆಯ್ ಎಂದರೆ ತುಪ್ಪ; ನಲ್ಲಾಗವ್ಳೆ ಎಂದರೆ ಚೆನ್ನಾಗಿದ್ದಾಳೆ). ಅರ್ಜಿದಾರನು ನಕ್ಕನು. ಇದನ್ನು ಅವನು ಒಪ್ಪಿಕೊಳ್ಳುತ್ತಾನೆ.

೩. ತಾವು ಮೂರು ವರ್ಷ ಮಂಡ್ಯದಲ್ಲಿ ಕೆಲಸ ಮಾಡಿದ್ದು ಅರ್ಜಿದಾರನ ಕಡೆಯ ಯಾರಿಗೂ ಗೊತ್ತಿರಲಿಲ್ಲ. ಆ ಕಾರಣದಿಂದ, ತಾವು ಕಾಫಿ ತಟ್ಟೆ ಕೆಳಗಿಟ್ಟು, "ಅಜ್ಜಿ, ತುಪ್ಪ ಹಾಕಿವ್ನಿ. ತಳದಾಗೈತೆ, ಕೆದಕಿ ನೋಡಿ" ಎಂದಾಗ ಅಜ್ಜಿಯ ಕೈಯ ಚಮಚ ಕೈಯಲ್ಲೇ ಉಳಿಯಿತು. ಮರುಕ್ಷಣವೇ ಅವರು ತಮ್ಮ ಬಳಿ ಬಂದು, ತಮ್ಮ ಗಲ್ಲ ಹಿಡಿದು, "ಅಡಿಯೇ! ನೀ ನಮ್ ಎಣ್ಣಾ?" ಎಂದು ಅತ್ತರು. ಬೇರೆ ಮಾತಿನ ಹೆಣ್ಣು ಬೇಡವೆಂದು ಹಟ ಹಿಡಿದಿದ್ದವರು ಇವರೇ. ಅರ್ಜಿದಾರನು ಮಾತ್ರ "ಮನ್ನಿಚ್ಚಿಡುಂಗ" ಎಂದು ತಮಿಳಿನಲ್ಲಿ ಕ್ಷಮೆ ಕೇಳಿ, ಇದ್ದ ಮಾನವನ್ನೂ ಕಳೆದುಕೊಂಡನು.

೪. "ಎರಡು ವರ್ಷದಿಂದ ಬ್ಯಾಂಕಿನ ಕಿಟಕಿ ಮುಂದೆ ನಿಂತು ಹಲ್ಲು ಬಿಡ್ತೀರಿ. ಮನೇಲಿ ಕನ್ನಡ ಅಂತ ಒಂದಿನಾನೂ ಯಾಕೆ ಹೇಳಲಿಲ್ಲ?" ಎಂದು ತಾವು ಕೇಳಿದಿರಿ. ಉತ್ತರ: ಶಾಲೆಯಲ್ಲಿ ಹುಡುಗರು ಅವನ ಮಾತನ್ನು ಅಣಕಿಸುತ್ತಿದ್ದರು. ನಾಚಿಕೆಯಾಗಿ ಬಾಯಿ ಮುಚ್ಚಿದವನು ತೆರೆಯಲೇ ಇಲ್ಲ. ಅಜ್ಜಿ ಕನ್ನಡದಲ್ಲಿ ಬೈದರೂ ಮುದ್ದಿಸಿದರೂ ಅವನ ಉತ್ತರ ತಮಿಳಿನಲ್ಲೇ. ಅದಕ್ಕಾಗಿ ಅವನಿಗೆ ಈಗ ದುಃಖವಾಗಿದೆ. ಸದರಿ ಅಜ್ಜಿಯು ಭಾನುವಾರದಿಂದ ಅವನನ್ನು "ಒರನಾಡವ", ಅಂದರೆ ಹೊರನಾಡಿನವ, ಎಂದೇ ಕರೆಯುತ್ತಿದ್ದಾರೆ.

೫. "ಒಪ್ಪಿಗೆ ಬೇಕಿದ್ರೆ ಕನ್ನಡದಲ್ಲಿ ಅರ್ಜಿ ಕೊಡಿ" ಎಂಬುದು ತಮ್ಮ ಷರತ್ತು. ಆದ್ದರಿಂದ ಈ ಅರ್ಜಿ. ಪ್ರಾರ್ಥನೆ ಹೀಗಿದೆ: "ತೇನು, ನಂಗೆ ನೀ ಬೇಕು. ಬಾ."

ತಮ್ಮ ವಿಶ್ವಾಸಿ (ಆಗಲು ಇಚ್ಛಿಸುವ),
ಜೆಯಕುಮಾರ್ (ತಮಿಳಿನಲ್ಲಿ ಸಹಿ)

ಅಡಕ: ಪನ್ನೀರ್ ದ್ರಾಕ್ಷಿ, ಒಂದು ಪೆಟ್ಟಿಗೆ. ಅಜ್ಜಿಯ ಹೆಬ್ಬೆಟ್ಟು. ಒಂದು ಡಬ್ಬ ತುಪ್ಪ, ಬೀಗವಿಲ್ಲದೆ.

ಷರಾ: ಅರ್ಜಿದಾರನಿಗೆ ಕನ್ನಡ ಅಕ್ಷರ ಬಾರದು. ಇಡೀ ದಿಂಡಿಗಲ್ಲಿನಲ್ಲಿ ಕನ್ನಡ ಬರೆಯಬಲ್ಲವರು ಅವನಿಗೆ ಗೊತ್ತಿದ್ದದ್ದು ಒಬ್ಬರೇ. ಆದ್ದರಿಂದ ಅವನು ಬ್ಯಾಂಕಿಗೇ ಬಂದು ತಮಿಳಿನಲ್ಲಿ ಹೇಳಿದ್ದನ್ನು ಊಟದ ಬಿಡುವಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟವಳು ತೇನ್‌ಮೊಳಿ. ಪ್ರಾರ್ಥನೆಯನ್ನು ಮಾತ್ರ ಅವನು ಕನ್ನಡದಲ್ಲೇ ಹೇಳಿದ. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಕಿಟಕಿಯ ಆಚೆ ಗದ್ದಲವಿದ್ದ ಕಾರಣ, ಅರ್ಜಿದಾರನು ಅದನ್ನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿ ಕೋರಿದೆ.