ಮಗಳ ಹೈಸ್ಕೂಲಿಗೆ ನಾನು ಹಾಕಿದ ದಾರಿ

ಉಪಾಯ ಹೂಡುವುದರಲ್ಲಿ ತಮಿಳುನಾಡಿನ ನಮ್ಮ ಕನ್ನಡದ ಹಟ್ಟಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಎಪ್ಪತ್ತರ ದಶಕದ ಆರಂಭದವರೆಗೂ ನಂಬಿದ್ದೆ. ಆಮೇಲೆ ಮಗಳು ಚೆನ್ನಿ ಐದನೇ ಕ್ಲಾಸು ಮುಗಿಸಿದಳು.

ಚೆನ್ನಿಗೆ ಹುಟ್ಟಿನಿಂದ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣದು. ಊರಿನ ಶಾಲೆ ಮನೆಯ ಪಕ್ಕದಲ್ಲೇ ಇತ್ತು. ಕೇಳಿ ಕೇಳಿಯೇ ಪಾಠ ಕಲಿತಳು. ಇನ್ನು ಕಾರಿಮಂಗಲಂ ರಸ್ತೆಯ ಹೈಸ್ಕೂಲು. ಅಲ್ಲಿನ ಹೆಡ್‌ಮಾಸ್ಟರು, "ಸೋಮವಾರ ಯಾರ ಕೈಯನ್ನೂ ಹಿಡಿಯದೆ ಬಂದು ತೋರಿಸಲಿ. ಇಲ್ಲವಾದರೆ ಸೇರಿಸಿಕೊಳ್ಳಲಾರೆ" ಎಂದು ತಮಿಳಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು.

ಕಂಬಳಿ ಹೊದ್ದು ಯೋಚಿಸಿದೆ. ನಮ್ಮ ಮಂದೆಯ ಮುಂದಾಳು ಟಗರಿನ ಕೊರಳಲ್ಲಿ ಗಂಟೆಯಿದೆ. ಆ ಸದ್ದಿನ ಹಿಂದೆ ಕುರಿಗಳೆಲ್ಲ ನಡೆಯುತ್ತವೆ. ಮಗಳೂ ನಡೆಯಲಿ! ಯಾರ ಕೈಯನ್ನೂ ಹಿಡಿದಂತಾಗದು. ಟಗರಿಗೆ ಕೈಯೇ ಇಲ್ಲ!

"ಅಲ್ಲ ಮಾಮಾ, ಓಗೋಳು ಅವ್ಳು. ಅವ್ಳನ್ನೇ ಒಂದು ಮಾತು ಕೇಳುದ್ರೆ ನಿನ್ ಮೀಸೆ ಉದುರೋಯ್ತದಾ?" ಎಂದಳು ಹೆಂಡತಿ.

"ಮಗೀಗೇನ್ ಗೊತ್ತೈತೆ ಲೇ, ಸುಮ್ಕಿರು."

"ಅಪ್ಪಾ, ನಾನು..." ಎಂದಳು ಚೆನ್ನಿ.

"ನೀನೂ ಸುಮ್ಕಿರು."

ಸಮಾಲೋಚನೆ ಅಲ್ಲಿಗೆ ಯಶಸ್ವಿಯಾಗಿ ಮುಕ್ತಾಯವಾಯಿತು.

ಸೋಮವಾರ ಬೆಳಿಗ್ಗೆ ಮಂದೆಯನ್ನು ಮುಳ್ಳುಬೇಲಿಯ ದೊಡ್ಡಿಯಲ್ಲಿ ಕೂಡಿಹಾಕಿ, ಟಗರಿನ ಹಗ್ಗ ಹಿಡಿದು ಹೊರಟೆ. ಹಿಂದೆ ಚೆನ್ನಿ. ಗಂಟೆ ಸದ್ದಾಯಿತು. ಹುಟ್ಟಿದಾಗಿನಿಂದ ಕುರಿ ಕಾದವನು ನಾನು. ಗಂಟೆ ಹೊರಟರೆ ಮಂದೆ ದೊಡ್ಡಿಯಲ್ಲಿ ನಿಲ್ಲದು ಎಂಬುದು ನೆನಪಾಗಬೇಕಿತ್ತು. ಬೇಲಿ ಮುರಿದ ಸದ್ದು ಕೇಳಿದ ಮೇಲೆ ನೆನಪಾಯಿತು.

"ಅಪ್ಪಾ, ಎಲ್ಲಾ ಇಸ್ಕೂಲಿಗ್ ಸೇರ್ಕಳಕ್ಕೆ ಬತ್ತಾವೆ!" ಎಂದು ಚೆನ್ನಿ ನಕ್ಕಳು.

ಕುರಿಗಳನ್ನು ತಡೆಯಲು ಹಗ್ಗ ಬಿಟ್ಟೆ. ಟಗರು ಶಾಲೆಯ ಕಡೆಗೇ ಓಡಿತು. ಮಂದೆ ಓಡಿತು. ನಾನೂ ಓಡಿದೆ.

ಶಾಲೆಯ ಬಯಲಿನಲ್ಲಿ ಪ್ರಾರ್ಥನೆ ನಡೆದಿತ್ತು. ಕಂಡದ್ದನ್ನಷ್ಟೇ ಹೇಳುತ್ತೇನೆ: ಮಕ್ಕಳು ಜಗಲಿ ಹತ್ತಿದರು. ಡ್ರಿಲ್ ಮಾಸ್ಟರು ಬೇವಿನ ಮರ ಹತ್ತಿದರು. ಹೆಡ್‌ಮಾಸ್ಟರು ತಾವೇ ಬೆಳೆಸಿದ ಬದನೆ ಪಾತಿಯ ಮುಂದೆ ಕೈ ಚಾಚಿ ನಿಂತರು. ಟಗರು ಅವರ ಕಂಕುಳಡಿ ನುಗ್ಗಿತು. ಬದನೆ ಮುಗಿಯಿತು.

ಆಗ ನನಗೆ ಹೊಳೆಯಿತು: ಮಗಳೆಲ್ಲಿ? ರಸ್ತೆಯಲ್ಲೇ ಬಿಟ್ಟು ಬಂದಿದ್ದೆ! ಗೇಟಿಗೆ ಓಡಿದೆ. ಚೆನ್ನಿ ಬೇಲಿ ಮುಟ್ಟಿಕೊಂಡು, ಚೀಲ ಹೆಗಲಿಗೇರಿಸಿ, ನಿಧಾನವಾಗಿ ಒಳಗೆ ಬರುತ್ತಿದ್ದಳು.

"ವಣಕ್ಕಂ ಸಾರ್. ಒಬ್ಳೇ ಬಂದೆ."

"ಹೇಗಮ್ಮಾ?" ಹೆಡ್‌ಮಾಸ್ಟರು ಬೆರಗಾದರು.

"ಎಣ್ಣೆ ಗಾಣದ ವಾಸ್ನೆ ಬಂದ್ರೆ ಎಡಕ್ಕೆ ತಿರುಗ್ಬೇಕು ಸಾರ್. ಹಿಟ್ಟಿನ ಮಿಲ್ಲಿನ ಸದ್ದು ದಾಟುದ್ರೆ ಬೇಲಿ ಐತೆ. ಅವ್ವನ ಜೊತೆ ಸಂತೆಗೆ ಬಂದು ಬಂದು ಗೊತ್ತು. ಯಾರೂ ಕೇಳ್ಲಿಲ್ಲ."

ಅವರು ಕೇಳಿದರು. "ಇಲ್ಲಿ ಓದೋಕೆ ಇನ್ನೇನು ಬೇಕು?"

"ಮುಂದಿನ ಬೆಂಚು. ಬೋರ್ಡಲ್ಲಿ ಬರ್ದಿದ್ದನ್ನ ಬಾಯಲ್ಲೂ ಏಳ್ಬೇಕು. ಏಳ್ದಿದ್ರೆ ನಾನೇ ಎದ್ದು ಕೇಳ್ತೀನಿ."

"ಕೇಳು. ನಿನ್ನನ್ನು ಸೇರಿಸಿಕೊಂಡೆ" ಎಂದರು. ಆಮೇಲೆ ನನ್ನತ್ತ ತಿರುಗಿದರು. "ಎನ್ನಯ್ಯಾ ಇದು? ಬದನೆ ಮತ್ತೆ ಕಾಯಿ ಬಿಡುವವರೆಗೆ ನೀನೂ ದಿನಾ ಬಂದು ನೀರು ಹಾಕಬೇಕು!"

ಹೀಗೆ ಅಂದು ನಮ್ಮ ಮನೆಯಿಂದ ಇಬ್ಬರು ಹೈಸ್ಕೂಲಿಗೆ ಸೇರಿದೆವು. ಬದನೆ ಕಾಯಿ ಬಿಟ್ಟ ದಿನ ನಾನು ಪಾಸಾಗಿ ಹೊರಬಿದ್ದೆ. ಅಲ್ಲಿಯವರೆಗೆ ಒಂದು ದಿನವೂ ತಪ್ಪಿಸದೆ ನನ್ನನ್ನು ಶಾಲೆಗೆ ಕರೆತಂದವಳು ಚೆನ್ನಿ.